ಬಂದವರು ಹೆಚ್ಚಾದದ್ದೇ ತಪ್ಪಾ?

"ಎಲ್ಲೆಲ್ಲಿಂದಲೋ ಬರ್ತಾರ್ರೀ, ಊರೇ ಹಾಳಾಯ್ತು." ಮಲ್ಕಾಜ್‌ಗಿರಿಯಲ್ಲಿ ನೀರಿನ ಟ್ಯಾಂಕರ್ ತಡವಾದರೂ ಇದೇ ಮಾತು, ಮಳೆಗೆ ಗಲ್ಲಿ ತುಂಬಿದರೂ ಇದೇ ಮಾತು. ಹೀಗನ್ನೋರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ನಾನು ಬೀದರ್ ಕಡೆಯವನು, ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತು. ಮೊದಲ ಬಸ್ಸಿಗೆ ಬಂದಿಳಿದವರು ಎರಡನೇ ಬಸ್ಸಿನವರನ್ನು ಬೈಯೋದು ಯಾವ ನ್ಯಾಯ ಹೇಳಿ?

ಜನ ಹೆಚ್ಚಿದ್ದಾರೆ, ಸುಳ್ಳಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಲ್ಕಾಜ್‌ಗಿರಿ ಕ್ಷೇತ್ರದ ಮತದಾರರು 37 ಲಕ್ಷದ ಮೇಲೆ, ದೇಶದಲ್ಲೇ ಅತಿ ಹೆಚ್ಚು. ಲಕ್ಷದ್ವೀಪದಲ್ಲಿ 58 ಸಾವಿರವೂ ಇಲ್ಲ. ಅಲ್ಲಿಗೂ ಒಬ್ಬರೇ ಎಂಪಿ, ಇಲ್ಲಿಗೂ ಒಬ್ಬರೇ!

ಆದರೆ ಗಲ್ಲಿಗೆ ನೀರು ನುಗ್ಗೋದು ಜನರ ಲೆಕ್ಕ ನೋಡಿ ಅಲ್ಲ. ಹೈದರಾಬಾದಿನ ಕೆರೆಗಳು ಸರಪಳಿ ಇದ್ದ ಹಾಗೆ. ಮೇಲಿನದು ತುಂಬಿದರೆ ನಾಲೆಯಲ್ಲಿ ಹರಿದು ಕೆಳಗಿನದಕ್ಕೆ ಹೋಗಬೇಕು. ನಮ್ಮ ಸಫಿಲ್‌ಗುಡ ಕೆರೆ, ಬಂಡ ಚೆರುವು ಎಲ್ಲಾ ಹಾಗೇ ಇದ್ದವು. ನಾಲೆ ಮೇಲೆ ಸೈಟು ಮಾಡಿ ಮಾರಿದ ಮೇಲೆ ನೀರು ಎಲ್ಲಿಗೆ ಹೋದೀತು? 2020ರ ಅಕ್ಟೋಬರ್ ಮಳೆಯಲ್ಲಿ ಅದು ಹಳೇ ದಾರಿ ಹುಡುಕಿಕೊಂಡು ಮನೆಗಳೊಳಗೇ ಬಂತು. ಆ ಸೈಟಿಗೆ ಅನುಮತಿ ಕೊಟ್ಟದ್ದು ನಿನ್ನೆ ಮೊನ್ನೆ ಬಂದ ಕೂಲಿಯವನಲ್ಲವಲ್ಲ.

1908ರ ಮೂಸಿ ಪ್ರವಾಹದಲ್ಲಿ ಸಾವಿರಾರು ಜನ ಸತ್ತಾಗ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಊರಲ್ಲಿ ಜನ ಜಾಸ್ತಿ ಅಂತ ಅವರು ಕೈ ಚೆಲ್ಲಲಿಲ್ಲ. ನೀರನ್ನು ಊರಿನ ಮೇಲೆಯೇ ತಡೆಯಿರಿ ಅಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದದ್ದು ಹಾಗೆ.

ಈಗಿನವರ ಉಪಾಯ ಬೇರೆ, ಗಡಿ ಬದಲಿಸೋದು. 2007ರಲ್ಲಿ ಮಲ್ಕಾಜ್‌ಗಿರಿ ಸೇರಿ 12 ಪುರಸಭೆಗಳನ್ನು ಹೈದರಾಬಾದಿಗೆ ಕೂಡಿಸಿದರು. ಪಾಲಿಕೆಯ ವಿಸ್ತೀರ್ಣ ಮೂರು ಪಟ್ಟಿಗೂ ಮೀರಿ ಬೆಳೆಯಿತು. ಅದೇ ವರ್ಷ ಬೆಂಗಳೂರಲ್ಲಿ ಬಿಬಿಎಂಪಿ ಆಯಿತು, 2025ರಲ್ಲಿ ಅದನ್ನೇ ಐದು ಪಾಲಿಕೆ ಮಾಡಿದರು. ಬೇಲಿ ಸರಿಸಿದರೆ ಬೆಳೆ ಬರುತ್ತದೆಯೇ? ಬೋರ್ಡು ಬದಲಾಯಿತು, ಚರಂಡಿ ಪೈಪು ಅಷ್ಟೇ ದಪ್ಪ ಉಳಿಯಿತು. ಎರಡಂತಸ್ತಿನ ಮನೆ ಒಡೆದು ಐದಂತಸ್ತು ಎಬ್ಬಿಸುವಾಗ ಆ ಪೈಪು ತಡೆದೀತೇ ಅಂತ ಕೇಳುವವರೇ ಇಲ್ಲ.

ಕೇಳಬೇಕಾದವರು ನಾವೇ. ಆದರೆ ನಮ್ಮಲ್ಲಿ ಎಷ್ಟೋ ಜನರದು ಮನೆ ಇಲ್ಲಿ, ಓಟು ಊರಲ್ಲಿ. ಬೀದರ್ ಜಿಲ್ಲೆಯಲ್ಲಿ ಹರಿದು ಬರುವ ಮಾಂಜ್ರಾ ನೀರು ಈ ಶಹರಕ್ಕೆ ಬೇಕು, ರಾಯಚೂರು ದಾಟಿ ಬರುವ ಕೃಷ್ಣೆಯೂ ಬೇಕು. ಹೊಳೆಗಳೇ ಬಂದು ಈ ಊರಿನವಾಗಿವೆ. ನಾವು ಮಾತ್ರ ಇನ್ನೂ ಪರವೂರಿನವರ ಹಾಗೆ ಸುಮ್ಮನೆ ಕೂರೋದೇಕೆ? ಓಟು ಇಲ್ಲಿಗೆ ಬದಲಾಯಿಸಿಕೊಳ್ಳೋಣ. ನಮ್ಮ ವಾರ್ಡಿನ ನಾಲೆ ಎಲ್ಲಿ ಹೋಯಿತು, ನಕ್ಷೆ ತೋರಿಸಿ ಅಂತ ಕಾರ್ಪೊರೇಟರನ್ನು ಕೇಳೋಣ. ಪಕ್ಕದ ಬಾಡಿಗೆ ಮನೆಗೆ ಹೊಸದಾಗಿ ಬಂದವರನ್ನೂ ಜೊತೆಗೆ ಕರೆದುಕೊಂಡು ಹೋಗೋಣ. ದನಿ ದೊಡ್ಡದಾಗೋದಕ್ಕೆ ಜನ ಹೆಚ್ಚಿರಬೇಕು, ಅಲ್ಲವೇ?