ಎರಡು ಗಾಲಿಗಳೂ ಬೇಕೆ?

ದೂರಪ್ರಯಾಣಕ್ಕೆಂದು ಮೋಟಾರ್ ಸೈಕಲ್ಲನ್ನು ತಮಗೆ ಬೇಕಾದಂತೆ ಅಣಿಮಾಡಿಕೊಳ್ಳುವ ತರುಣರಲ್ಲಿ ಒಂದು ಚರ್ಚೆ ಮೇಲಿಂದ ಮೇಲೆ ಏಳುತ್ತಿರುತ್ತದೆ. ಕಂಪನಿ ಕೊಟ್ಟ ಸ್ಪೋಕಿನ ಗಾಲಿಗಳನ್ನು ತೆಗೆದು ಟ್ಯೂಬ್‌ಲೆಸ್ ಗಾಲಿ ಹಾಕಿಸುವುದಾದರೆ ಎರಡನ್ನೂ ಹಾಕಿಸಬೇಕೋ, ಒಂದೇ ಸಾಕೋ ಎಂಬುದೇ ಆ ಚರ್ಚೆ. ಹಾಕಿಸಿದರೆ ಜೋಡಿಯಾಗಿಯೇ ಹಾಕಿಸಬೇಕು ಎನ್ನುವವರೇ ಹೆಚ್ಚು. ಜೋಡಿಯ ಮಾತು ಎತ್ತುಗಳಿಗೆ ಒಪ್ಪೀತು. ಗಾಲಿಗಳಿಗೂ ಒಪ್ಪುವುದೆಂದು ನನಗೆ ತೋರುವುದಿಲ್ಲ.

2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಗಾಡಿಯನ್ನೇ ನೋಡೋಣ. ಅದರ ಮುಂದಿನ ಗಾಲಿ 21 ಅಂಗುಲ, ಹಿಂದಿನದು 17 ಅಂಗುಲ, ಎರಡರಲ್ಲಿಯೂ ಟ್ಯೂಬು. ಸ್ಪೋಕಿನ ತುದಿಗಳು ರಿಮ್ಮಿನ ತೂತುಗಳಲ್ಲಿ ಕೂರುವುದರಿಂದ ಅಲ್ಲಿ ಗಾಳಿ ನಿಲ್ಲದು, ಟ್ಯೂಬು ಬೇಕೇ ಬೇಕು. ಮೊಳೆ ಹೊಕ್ಕರೆ ಟ್ಯೂಬಿನ ಗಾಳಿ ಕ್ಷಣಾರ್ಧದಲ್ಲಿ ಇಳಿದುಹೋಗಬಹುದು. ಟ್ಯೂಬ್‌ಲೆಸ್ ಟಯರಿನಲ್ಲಾದರೋ ಆ ಮೊಳೆಯೇ ಬಿರಡೆಯಂತೆ ನಿಂತು ಗಾಳಿ ಮೆಲ್ಲಗೆ ಸೋರುತ್ತದೆ. ಗಾಲಿಯನ್ನು ಬಿಚ್ಚದೆ, ತೂತಿಗೆ ರಬ್ಬರಿನ ಬತ್ತಿ ತುರುಕಿ, ಗಾಳಿ ಹೊಡೆದು ಮುಂದೆ ಸಾಗಬಹುದು.

ಈ ಉಪಕಾರ ಹೆಚ್ಚಾಗಿ ಬೇಕಾಗುವುದು ಹಿಂದಿನ ಗಾಲಿಗೆ. ಸವಾರನ ಹಿಂದೆ ಕುಳಿತವನ ಭಾರ, ಪೆಟ್ಟಿಗೆಗಳ ಭಾರ, ಇಂಜಿನ್ನಿನ ಎಳೆತ ಎಲ್ಲವೂ ಅದರ ಮೇಲೆಯೇ. ಮಲಗಿದ್ದ ಮೊಳೆಯನ್ನು ಮುಂದಿನ ಗಾಲಿ ಎಬ್ಬಿಸಿ ನಿಲ್ಲಿಸುತ್ತದೆ, ಹಿಂದಿನದು ತುಳಿಯುತ್ತದೆ. ಇನ್ನು ಅದನ್ನು ಬಿಚ್ಚುವ ಕಷ್ಟವನ್ನು ಕೇಳಬೇಡಿ. ಸಾಮಾನನ್ನೆಲ್ಲ ಇಳಿಸಬೇಕು, ಆಕ್ಸಲ್ ಎಳೆಯಬೇಕು, ಚೈನು ಕಳಚಬೇಕು. ಟ್ಯೂಬಿಗೆ ತೇಪೆ ಹಾಕಿ ಮರಳಿ ಕೂರಿಸುವಾಗ ಚೈನಿನ ಸಡಿಲವನ್ನೂ ಗಾಲಿಯ ನೇರವನ್ನೂ ಸರಿನೋಡಬೇಕು. ಮಳೆಗಾಲದ ಸಂಜೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಇದು ಮಾಡತಕ್ಕ ಕೆಲಸವಲ್ಲ. ಮುಂದಿನ ಗಾಲಿಗೆ ಚೈನಿನ ಉಪದ್ರವವೇ ಇಲ್ಲ.

ಮುಂದಿನ ಟಯರಿನ ಗಾಳಿ ಹೋದರೆ ಹ್ಯಾಂಡಲ್ಲು ಕೈಮೀರುತ್ತದೆ, ಅಪಾಯ ಅಲ್ಲಿಯೇ ಹೆಚ್ಚು ಎಂಬ ಆಕ್ಷೇಪಣೆಯುಂಟು. ಇದು ತೂಕವುಳ್ಳ ಮಾತು. ಹಣವಿದ್ದವರು ಸ್ಪೋಕಿದ್ದೂ ಟ್ಯೂಬಿಲ್ಲದ ಹೊಸ ಬಗೆಯ ಗಾಲಿಗಳನ್ನು ಎರಡೂ ಕಡೆ ಹಾಕಿಸಲಿ, ನನ್ನ ತಕರಾರಿಲ್ಲ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಎರಕದ ಅಲಾಯ್ ಗಾಲಿಯನ್ನು ಮುಂದೆ ಹಾಕಿಸುವುದು ಬೇರೆ ಮಾತು. ಹೊಂಡಕ್ಕೆ ಮೊದಲು ಬೀಳುವುದು ಮುಂದಿನ ಗಾಲಿ. ಸ್ಪೋಕಿನ ರಿಮ್ಮು ಸೊಟ್ಟಗಾದರೆ ಹದಮಾಡಿಕೊಳ್ಳಬಹುದು. ಎರಕದ್ದು ಸೀಳಿದರೆ ಪ್ರಯಾಣ ಅಲ್ಲಿಗೇ ನಿಂತಿತು.

ಆದುದರಿಂದ ಕೈಯಲ್ಲಿ ಒಂದೇ ಗಾಲಿಯ ಹಣವಿರುವ ವಿದ್ಯಾರ್ಥಿಗೆ ನನ್ನ ಮತ ಇಷ್ಟೇ: ಹಿಂದಿನದನ್ನು ಬದಲಾಯಿಸು. ಹತ್ತಿಪ್ಪತ್ತು ರೂಪಾಯಿಯಂತೆ ಕೂಡಿಸಿ ಮುಂದಿನ ಗಾಲಿಗೆ ಕಾಯುವ ಬದಲು ಮುಂದೆ ಒಳ್ಳೆಯ ಟಯರು, ಹೊಸ ಟ್ಯೂಬು, ಹೊಸ ಬ್ರೇಕ್ ಪ್ಯಾಡು ಹಾಕಿಸು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಗಾಡಿಯನ್ನು ನಿಲ್ಲಿಸುವುದು ಮುಖ್ಯವಾಗಿ ಆ ಗಾಲಿಯೇ. ಬಿಡಿ ಟ್ಯೂಬು, ಪಂಪು, ಟಯರು ತೆಗೆಯುವ ಸಲಾಕೆಗಳನ್ನು ಹೊರುವುದು ತಪ್ಪುವುದಿಲ್ಲ, ನಿಜ, ಹೊತ್ತರಾಯಿತು.

ಅಳತೆಯನ್ನು ಮಾತ್ರ ಬದಲಾಯಿಸಕೂಡದು. ಎಬಿಎಸ್ ಇರುವ ಗಾಡಿಯಲ್ಲಿ ಎರಡು ಗಾಲಿಗಳ ವೇಗವನ್ನು ಯಂತ್ರ ಅಳೆಯುತ್ತಿರುತ್ತದೆ. ವ್ಯಾಸ ಬೇರೆಯಾದರೆ ಲೆಕ್ಕ ತಪ್ಪುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಟನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ. ಅಂಗಡಿಯವರು "ಏನೂ ಆಗಲ್ಲ, ಹಾಕ್ಸಿ ಸಾರ್" ಎಂದಾಗ ಗಾಡಿಯ ಕೈಪಿಡಿ ತೆರೆದು ಅಳತೆಯನ್ನು ಅವರೆದುರಿಗೇ ತಾಳೆನೋಡುವುದು ಲೇಸು.