ಐವತ್ತರ ಹಬ್ಬದಲ್ಲಿ ಮಕ್ಕಳ ಲೆಕ್ಕ

ನವೆಂಬರ್ ಅಂದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಹಬ್ಬದ ತಿಂಗಳು. ಒಂದನೇ ತಾರೀಕು ಗಡಿಯ ಆಚೆ ರಾಜ್ಯೋತ್ಸವ, ಈಚೆ ಕೇರಳಪ್ಪಿರವಿ. ಹದಿನಾಲ್ಕಕ್ಕೆ ಮಕ್ಕಳ ದಿನಾಚರಣೆ. ಇದೇ ತಿಂಗಳ 23ಕ್ಕೆ ಇನ್ನೊಂದು ಹುಟ್ಟುಹಬ್ಬವಿದೆ. ಅದು ನಮ್ಮದಲ್ಲ, ಇಂಗ್ಲೆಂಡಿನದು. ಆದರೂ ಅದರ ಬಗ್ಗೆ ಇಲ್ಲಿ ನಾಲ್ಕು ಮಾತು ಬರೆಯಬೇಕೆನಿಸಿತು. ಯಾಕೆಂದರೆ ಅದು ಒಂದು ಶಾಲೆಯಿಂದ ಶುರುವಾದ ಕತೆ.

ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿ ಮೊದಲು ಪ್ರಸಾರವಾದದ್ದು 1963ರ ನವೆಂಬರ್ 23, ಶನಿವಾರ ಸಂಜೆ. ಅದರ ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು. ಆ ಗದ್ದಲದಲ್ಲಿ ಹೊಸ ಕಾರ್ಯಕ್ರಮವನ್ನು ಯಾರು ಗಮನಿಸಿಯಾರು? ಮುಂದಿನ ವಾರ ಎರಡನೇ ಕಂತಿಗೆ ಮುಂಚೆ ಮೊದಲ ಕಂತನ್ನೇ ಮತ್ತೊಮ್ಮೆ ತೋರಿಸಿದರು. ಕಾರ್ಯಕ್ರಮವನ್ನು ಕಲ್ಪಿಸಿಕೊಂಡವರಲ್ಲಿ ಮುಖ್ಯರು ಸಿಡ್ನಿ ನ್ಯೂಮನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಆಗ ವಯಸ್ಸು 27. ಮೊದಲ ಕತೆಯ ನಿರ್ದೇಶಕ ವಾರಿಸ್ ಹುಸೇನ್, ನಮ್ಮ ಲಖನೌದಲ್ಲಿ ಹುಟ್ಟಿದವರು.

ಕತೆ ಹೀಗಿದೆ. ಕೋಲ್ ಹಿಲ್ ಎಂಬ ಶಾಲೆಯಲ್ಲಿ ಇಬ್ಬರು ಮೇಷ್ಟ್ರುಗಳು. ಇಯಾನ್ ಚೆಸ್ಟರ್ಟನ್ ವಿಜ್ಞಾನಕ್ಕೆ, ಬಾರ್ಬರಾ ರೈಟ್ ಚರಿತ್ರೆಗೆ. ಅವರ ತರಗತಿಯಲ್ಲಿ ಸುಸಾನ್ ಎಂಬ ವಿಚಿತ್ರ ಹುಡುಗಿ. ಕೆಲವು ವಿಷಯಗಳಲ್ಲಿ ಮೇಷ್ಟ್ರಿಗಿಂತ ಹೆಚ್ಚು ಬಲ್ಲವಳು, ಇನ್ನು ಕೆಲವದರಲ್ಲಿ ಏನೇನೂ ತಿಳಿಯದವಳು. ಈ ಮಗುವಿನ ಮನೆಯ ಪರಿಸ್ಥಿತಿ ಏನಿರಬಹುದು ಅಂತ ಇಬ್ಬರೂ ಅವಳ ಹಿಂದೆ ಹೋಗುತ್ತಾರೆ. ಗುಜರಿ ಅಂಗಳದಲ್ಲಿ ನಿಂತಿದ್ದ ನೀಲಿ ಪೊಲೀಸ್ ಡಬ್ಬದೊಳಗೆ ಕಾಲಿಡುತ್ತಾರೆ. ಹೊರಗಿನಿಂದ ಚಿಕ್ಕದು, ಒಳಗೆ ವಿಶಾಲ. ಅದೇ ಕಾಲಯಾನದ ಯಂತ್ರ ಟಾರ್ಡಿಸ್. ಅದರ ಒಡೆಯ ಸುಸಾನಳ ಅಜ್ಜ, 'ಡಾಕ್ಟರ್'. ವಿದ್ಯಾರ್ಥಿಯ ಮನೆಯನ್ನು ಹುಡುಕಿಕೊಂಡು ಹೋದ ಇಬ್ಬರು ಶಿಕ್ಷಕರಿಂದ ಅಷ್ಟು ದೊಡ್ಡ ಕತೆ ಆರಂಭವಾಯಿತು ಎಂಬುದು ನಮಗಂತೂ ಬಹಳ ಇಷ್ಟವಾದ ಸಂಗತಿ.

ಧಾರಾವಾಹಿ ಇಷ್ಟು ವರ್ಷ ಬಾಳಲು ಒಂದು ಉಪಾಯವೇ ಕಾರಣ. ಮೊದಲ ಡಾಕ್ಟರ್ ಪಾತ್ರ ಮಾಡಿದ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟು 1966ರಲ್ಲಿ ಹೊರಟು ನಿಂತಾಗ ಡಾಕ್ಟರ್ ಸಾಯುವುದಿಲ್ಲ, ಹೊಸ ದೇಹ ತಾಳುತ್ತಾನೆ ಅಂತ ಕತೆ ಮಾಡಿದರು. ಪ್ಯಾಟ್ರಿಕ್ ಟ್ರೌಟನ್ ಎರಡನೆಯವರಾದರು. ಮುಖ ಬೇರೆ, ನಡೆ ಬೇರೆ, ಆದರೆ ಆಳು ಅವನೇ. 1989ರಲ್ಲಿ ನಿಂತುಹೋದದ್ದು, ನಡುವೆ 1996ರಲ್ಲಿ ಒಂದು ಟಿವಿ ಚಿತ್ರವಾಗಿ ಬಂದು, 2005ರಲ್ಲಿ ಮತ್ತೆ ಚಿಗುರಿತು.

ಇಂಥ ಧಾರಾವಾಹಿಗೆ ಆಗಾಗ ಹುಟ್ಟುಹಬ್ಬದ ವಿಶೇಷ ಕಂತು. ಹತ್ತನೇ ಸರಣಿಗೆ 'ಮೂವರು ಡಾಕ್ಟರರು', ಇಪ್ಪತ್ತು ವರ್ಷಕ್ಕೆ 'ಐವರು ಡಾಕ್ಟರರು', ಐವತ್ತಕ್ಕೆ 2013ರ ನವೆಂಬರ್ 23ರಂದು 'ಡಾಕ್ಟರನ ದಿನ'. ಈ ಕೊನೆಯದು 94 ದೇಶಗಳಲ್ಲಿ ಒಂದೇ ಹೊತ್ತಿಗೆ ಪ್ರಸಾರವಾಗಿ ಗಿನ್ನೆಸ್ ದಾಖಲೆ ಬರೆಯಿತು. ನಾವು ನೋಡಿದ್ದು ತಡವಾಗಿ, ಹಳೆ ವಿದ್ಯಾರ್ಥಿಯೊಬ್ಬ ತಂದುಕೊಟ್ಟ ಡಿಸ್ಕಿನಲ್ಲಿ. ಆಮೇಲೆ ಮತ್ತೆ ಮತ್ತೆ ನೋಡಿದ್ದೇವೆ. ನಮ್ಮ ಅಭಿಪ್ರಾಯ ಇಷ್ಟು: ಹುಟ್ಟುಹಬ್ಬ ಆಚರಿಸುವುದು ಹೇಗೆ ಅಂತ ತಿಳಿಯಬೇಕಾದರೆ ಈ ಎಪ್ಪತ್ತೇಳು ನಿಮಿಷ ನೋಡಬೇಕು.

ಯಾಕೆ ಅಂತೀರಾ?

ಸಾಮಾನ್ಯವಾಗಿ ನಮ್ಮ ಉತ್ಸವಗಳು ಹೇಗಿರುತ್ತವೆ? ಸ್ಥಾಪಕರ ಫೋಟೋಕ್ಕೆ ಹಾರ, ಅತಿಥಿಗಳಿಗೆ ಶಾಲು, ಒಂದು ಸ್ಮರಣ ಸಂಚಿಕೆ. ನಾವು ಹೋಗಿದ್ದ ಒಂದು ಶಾಲೆಯ ಉತ್ಸವದಲ್ಲಿ ಭಾಷಣಗಳೆಲ್ಲ ಹಿಂದಿನ ವೈಭವದ ಬಗ್ಗೆಯೇ. ಆ ವರ್ಷ ಒಂದನೇ ತರಗತಿಗೆ ಸೇರಿದ ಮಕ್ಕಳು ಎರಡು ಬೆಂಚಿಗೆ ಸಾಲುವಷ್ಟೇ ಇದ್ದರು. ವೇದಿಕೆಯ ಮೇಲೆ ಯಾರೂ ಆ ಮಾತೆತ್ತಲಿಲ್ಲ. ನಾವೂ ಎತ್ತಲಿಲ್ಲ, ಊಟ ಮಾಡಿ ಬಂದೆವು.

ಐವತ್ತರ ಕಂತನ್ನು ಬರೆದ ಸ್ಟೀವನ್ ಮೊಫಾಟ್ ಹಾಗೆ ಮಾಡಲಿಲ್ಲ. ಧಾರಾವಾಹಿಯ ಅತಿ ದೊಡ್ಡ ಗಾಯವನ್ನೇ ಹಬ್ಬದ ದಿನ ಬಿಚ್ಚಿದರು. 2005ರಿಂದ ಹೇಳುತ್ತಾ ಬಂದ ಕತೆ ಏನೆಂದರೆ, ಡಾಕ್ಟರನ ಸ್ವಂತ ಊರಾದ ಗ್ಯಾಲಿಫ್ರೇ ಗ್ರಹಕ್ಕೂ ಡಾಲೆಕ್‌ಗಳೆಂಬ ಕ್ರೂರಿಗಳಿಗೂ ಕಾಲಯುದ್ಧ ನಡೆಯಿತು, ಅದನ್ನು ನಿಲ್ಲಿಸಲು ಡಾಕ್ಟರನೇ ಎರಡೂ ಕಡೆಯವರನ್ನು ಸುಟ್ಟುಹಾಕಿದ. ಆ ಕೃತ್ಯ ಮಾಡಿದ ಡಾಕ್ಟರ್, ಮುಂದೆ ತಾನೇ ಎಣಿಕೆಗೆ ಸೇರಿಸದೆ ಬಿಟ್ಟವನು, ಜಾನ್ ಹರ್ಟ್ ಅವರ ರೂಪದಲ್ಲಿ ಇಲ್ಲಿ ಬರುತ್ತಾನೆ. ಅವನ ಕೈಯಲ್ಲಿರುವ ಮಹಾಸ್ತ್ರಕ್ಕೆ ಮನಸ್ಸಾಕ್ಷಿ ಇದೆ. ಮಾಡುವ ಮೊದಲು ಮಾಡಿದ ಮೇಲೆ ನೀನು ಏನಾಗುತ್ತೀ ಅಂತ ನೋಡು ಎನ್ನುತ್ತದೆ ಅದು. ಹೀಗೆ ಅವನು ತನ್ನ ಮುಂದಿನ ಇಬ್ಬರು 'ತಾನು'ಗಳನ್ನು, ಡೇವಿಡ್ ಟೆನಂಟ್ ಮತ್ತು ಮ್ಯಾಟ್ ಸ್ಮಿತ್ ಅವರನ್ನು, ಭೇಟಿಯಾಗುತ್ತಾನೆ.

ಮೂವರೂ ಲಂಡನ್ ಟವರಿನ ಸೆರೆಕೋಣೆಯಲ್ಲಿ ಕೂತಿರುವಾಗ ಹಿರಿಯ ಮುಖದವನು ಕೇಳುತ್ತಾನೆ: ಆ ದಿನ ಗ್ಯಾಲಿಫ್ರೇಯಲ್ಲಿ ಎಷ್ಟು ಮಕ್ಕಳಿದ್ದರು ಅಂತ ನೀವು ಯಾವತ್ತಾದರೂ ಎಣಿಸಿದಿರಾ? ಸ್ಮಿತ್ ಗೊತ್ತಿಲ್ಲ ಎನ್ನುತ್ತಾನೆ. ಟೆನಂಟ್ ಮೆಲ್ಲಗೆ ಅಂಕಿ ಹೇಳುತ್ತಾನೆ: 247 ಕೋಟಿ. ನಂತರ ಇಬ್ಬರ ನಡುವೆ ಜಗಳ. ಎಣಿಸಿದ್ದೆ, ಆಮೇಲೆ ಮರೆತೆಯಾ? ನಾನೂರು ವರ್ಷ ಸಾಕಾಯಿತೇ ಮರೆಯಲಿಕ್ಕೆ? ಒಬ್ಬ ಪಶ್ಚಾತ್ತಾಪ ಪಡುವವನು, ಇನ್ನೊಬ್ಬ ಮರೆತವನು. ಇಬ್ಬರೂ ಅವನೇ.

ಮೇಷ್ಟ್ರಾಗಿ ಈ ದೃಶ್ಯ ನೋಡಿ ನಾವು ತಡೆದು ನಿಂತೆವು. ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು ನಾವು ಮಾಡುವುದೂ ಅದೇ ಅಲ್ಲವೇ? ಮಕ್ಕಳನ್ನು ಎಣಿಸುವುದು. ಒಂದು ಸಂಸ್ಥೆ ದೊಡ್ಡದಾಗಿ, ಹಳತಾಗಿ, ಹೆಸರು ಮಾಡಿದಾಗ ಮೊದಲು ಮರೆಯುವುದು ಈ ಲೆಕ್ಕವನ್ನೇ.

ಮುಂದಿನದು ಇನ್ನೂ ಚೆನ್ನಾಗಿದೆ. ಮೂವರೂ ಸೇರಿ ಅಸ್ತ್ರದ ಗುಂಡಿ ಒತ್ತಲು ಸಿದ್ಧರಾದಾಗ ತಡೆಯುವವಳು ಕ್ಲಾರಾ. ಅವಳ ಉದ್ಯೋಗ? ಅದೇ ಕೋಲ್ ಹಿಲ್ ಶಾಲೆಯಲ್ಲಿ ಶಿಕ್ಷಕಿ! ಕಂತು ಆರಂಭವಾಗುವುದೂ ಆ ಶಾಲೆಯ ಎದುರಿನಿಂದಲೇ. ಶಾಲೆಯ ಫಲಕದಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಹೆಸರು ಐ. ಚೆಸ್ಟರ್ಟನ್ ಅಂತ ಇದೆ. 1963ರ ಆ ವಿಜ್ಞಾನ ಮೇಷ್ಟ್ರು! ಇಬ್ಬರು ಶಿಕ್ಷಕರಿಂದ ಶುರುವಾದ ಕತೆಯ ಐವತ್ತನೇ ವರ್ಷದಲ್ಲಿ, ಬೇರೆ ದಾರಿ ಹುಡುಕು ಅಂತ ಡಾಕ್ಟರನಿಗೆ ಹೇಳುವವಳೂ ಶಿಕ್ಷಕಿಯೇ. ಒಂದು ಭಾಷಣವಿಲ್ಲದೆ ಹಳೆಯವರಿಗೆ ಸಲ್ಲಿಸಿದ ಗೌರವ ಇದು.

ಆ ಬೇರೆ ದಾರಿ ಯಾವುದು? ಗ್ರಹವನ್ನು ಸುಡುವ ಬದಲು ಕಾಲದ ಒಂದು ಕ್ಷಣದಲ್ಲಿ ಚಿತ್ರದಂತೆ ಹಿಡಿದು ಬಚ್ಚಿಡುವುದು. ಆದರೆ ಅದಕ್ಕೆ ಬೇಕಾದ ಲೆಕ್ಕ ಮಾಡಲು ನೂರಾರು ವರ್ಷ ಬೇಕು. ಹಾಗಾದರೆ ಮೊದಲ ಡಾಕ್ಟರ್ ಲೆಕ್ಕ ಶುರುಮಾಡಲಿ, ಉಳಿದವರು ಮುಂದುವರಿಸಲಿ. ಹಳೆ ತುಣುಕುಗಳ ಸಹಾಯದಿಂದ ಹಾರ್ಟ್‌ನೆಲ್ ಮೊದಲ್ಗೊಂಡು ಎಲ್ಲರೂ ಬರುತ್ತಾರೆ. ಆಗಿನ್ನೂ ಪಾತ್ರಕ್ಕೆ ಬರಬೇಕಾಗಿದ್ದ ಪೀಟರ್ ಕಪಾಲ್ಡಿಯವರ ಕಣ್ಣುಗಳೂ ಕಾಣಿಸುತ್ತವೆ. ಒಟ್ಟು ಹದಿಮೂರು. ಅಜ್ಜ ಹಾಕಿದ ಮೊದಲ ಸಾಲಿಗೆ ಮೊಮ್ಮಗನ ಕೈಯಲ್ಲಿ ಉತ್ತರ ಬರುತ್ತದೆ. ಶಾಲೆ ಅಂದರೆ ಇದೇ. ಉತ್ತರ ಕಾಣಲು ತಾನು ಇರುವುದಿಲ್ಲ ಅಂತ ತಿಳಿದೂ ಲೆಕ್ಕ ಶುರು ಮಾಡುವವನು ಮೇಷ್ಟ್ರು.

ಈ ಕಂತಿನಲ್ಲಿ ಇನ್ನೊಂದು ಉಪಕತೆ ಉಂಟು. ಅದು ಗಡಿನಾಡಿನವರಿಗೆ ಬೇರೆಯೇ ಅರ್ಥ ಕೊಡುತ್ತದೆ. ಝೈಗಾನ್ ಎಂಬ ಅನ್ಯಗ್ರಹ ಜೀವಿಗಳು ಮನುಷ್ಯರ ರೂಪ ಧರಿಸಿ ಬಂದಿರುತ್ತವೆ. ಎರಡು ಕಡೆಯವರೂ ಒಂದೇ ಕೋಣೆಯಲ್ಲಿ, ಸಿಡಿತಲೆಯ ಗಡಿಯಾರ ಓಡುತ್ತಿದೆ. ಡಾಕ್ಟರರು ಮಾಡುವುದೇನು? ಯಾರು ಮನುಷ್ಯ, ಯಾರು ಝೈಗಾನ್ ಎಂಬುದನ್ನು ಆ ಕೋಣೆಯಲ್ಲಿದ್ದ ಎಲ್ಲರೂ ಮರೆಯುವಂತೆ ಮಾಡುತ್ತಾರೆ. ಈಗ ಬರೆಯಿರಿ ಒಪ್ಪಂದ! ತಾನು ಯಾವ ಕಡೆಯವನು ಅಂತ ಗೊತ್ತಿಲ್ಲದವನು ಅನ್ಯಾಯದ ಷರತ್ತು ಬರೆಯುವುದಿಲ್ಲ. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ಹೇಳಿದ ದೊಡ್ಡ ವಿಚಾರವೂ ಇದೇ. ಇಲ್ಲಿ ಅದು ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ.

1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ರಾಜ್ಯಗಳು ಸಾಕಷ್ಟು ಅನುಕೂಲ ಮಾಡಿಕೊಡಲು ಪ್ರಯತ್ನಿಸಬೇಕು ಎನ್ನುವ ಮಾತು ಅದು. ಆದೇಶ ಬರೆಯುವ ಅಧಿಕಾರಿಗೆ, ನಾಳೆ ಬೆಳಿಗ್ಗೆ ತನ್ನ ಮಗು ಗೆರೆಯ ಯಾವ ಬದಿಯಲ್ಲಿ ಏಳುತ್ತದೆ ಅಂತ ಗೊತ್ತಿಲ್ಲದೆ ಹೋದರೆ? ಆಗ ಪಠ್ಯಪುಸ್ತಕ ಸಮಯಕ್ಕೆ ಬರುತ್ತದೆ, ಕನ್ನಡ ಬಲ್ಲ ಮೇಷ್ಟ್ರೂ ಬರುತ್ತಾರೆ. ನ್ಯಾಯವಾಗಿ ಹೇಳುವುದಾದರೆ ಈ ಮಾತು ನಮಗೂ ಅನ್ವಯಿಸುತ್ತದೆ. ಬೆಳಗಾವಿಯ ಮರಾಠಿ ಶಾಲೆಯ ಮಗುವಿನ ಬಗ್ಗೆಯೂ ನಾವು ಹಾಗೆಯೇ ಯೋಚಿಸಬೇಕು. ಇಲ್ಲವಾದರೆ ನಮ್ಮದು ಬರೀ ನಮ್ಮ ಕಡೆಯ ಕೂಗು.

ಇನ್ನು ಆಕ್ಷೇಪಗಳು. ಎಂಟು ವರ್ಷ ಹೇಳಿಕೊಂಡು ಬಂದ ದುರಂತವನ್ನು ಹಬ್ಬದ ಖುಷಿಗಾಗಿ ಅಳಿಸಿಹಾಕಿದ್ದು ಮೋಸ ಎನ್ನುವವರಿದ್ದಾರೆ. ಮಾತಿನಲ್ಲಿ ತೂಕವಿದೆ. ಆದರೆ ಪೂರ್ತಿ ಒಪ್ಪಲಾರೆವು. ಗ್ರಹ ಉಳಿಯಿತು ಎಂಬ ನೆನಪು ಹಿಂದಿನ ಇಬ್ಬರಿಗೆ ಉಳಿಯುವುದಿಲ್ಲ. ಸುಟ್ಟುಬಿಟ್ಟೆ ಎಂಬ ನೋವಿನಲ್ಲೇ ಅವರು ಬಾಳಬೇಕು. ಗೊತ್ತಿರುವುದು ಕೊನೆಯವನಿಗೆ ಮಾತ್ರ. ಅವನಿಗೂ ಗ್ರಹ ಎಲ್ಲಿದೆ ಅಂತ ಗೊತ್ತಿಲ್ಲ, ಹುಡುಕಬೇಕು. ಅಂದರೆ ಹಳೆಯ ದುಃಖ ಸುಳ್ಳಾಗಲಿಲ್ಲ, ಅದರ ಕೊನೆಗೆ ಒಂದು ಕೆಲಸ ಸೇರಿಕೊಂಡಿತು.

ನಮ್ಮ ತಕರಾರು ಬೇರೆ. ಚೆಸ್ಟರ್ಟನ್ ಮೇಷ್ಟ್ರ ಹೆಸರು ಫಲಕದಲ್ಲಿ ಬಂತು, ಸರಿ. ಆದರೆ ಯಾವ ಹುಡುಗಿಯ ಮನೆ ಹುಡುಕಿಕೊಂಡು ಹೋದದ್ದರಿಂದ ಇದೆಲ್ಲ ಆಯಿತೋ ಆ ಸುಸಾನಳಿಗೆ ಈ ಕತೆಯಲ್ಲಿ ಪಾತ್ರವಿಲ್ಲ, ಒಂದು ಮಾತಿಲ್ಲ. ಮೇಷ್ಟ್ರನ್ನು ನೆನೆದು ವಿದ್ಯಾರ್ಥಿಯನ್ನು ಮರೆಯುವ ಚಾಳಿ ನಮ್ಮ ಸ್ಮರಣ ಸಂಚಿಕೆಗಳಲ್ಲೂ ಉಂಟು! ಇನ್ನೊಂದು, ಬಿಬಿಸಿ ತನ್ನ ಹಳೆ ಟೇಪುಗಳನ್ನು ತಾನೇ ಅಳಿಸಿತ್ತು. 2013ರಲ್ಲಿ ನೈಜೀರಿಯಾದಲ್ಲಿ ಒಂಬತ್ತು ಕಂತು ಸಿಕ್ಕವು. ಹಾಗೆ ಸಿಕ್ಕ ಮೇಲೂ ಆ ವರ್ಷ 97 ಕಂತುಗಳು ಕಾಣೆಯಾಗಿಯೇ ಇದ್ದವು. 2023ರ ಅರವತ್ತರ ಹಬ್ಬಕ್ಕೆ ಎಂಟುನೂರಕ್ಕೂ ಹೆಚ್ಚು ಕಂತುಗಳನ್ನು ಅಂತರ್ಜಾಲದಲ್ಲಿ ಇಟ್ಟಾಗ, ಹಕ್ಕಿನ ತಕರಾರಿನಿಂದ ಕೋಲ್ ಹಿಲ್ ಶಾಲೆಯ ಆ ಮೊದಲ ಕತೆಯೇ ಅದರಲ್ಲಿರಲಿಲ್ಲ. ಹಳೆ ದಾಖಲೆ ಜೋಪಾನ ಮಾಡದವರಿಗೆ ಹಬ್ಬದ ದಿನವೇ ಅದರ ಬಿಸಿ ತಟ್ಟುವುದು. ನಮ್ಮ ಶಾಲೆಗಳ ಕಪಾಟಿನಲ್ಲಿ ಗೆದ್ದಲು ತಿನ್ನುತ್ತಿರುವ ದಾಖಲಾತಿ ಪುಸ್ತಕಗಳ ನೆನಪಾಯಿತು.

ಕೊನೆಗೆ ಒಂದು ದೃಶ್ಯ. ಕತೆಯುದ್ದಕ್ಕೂ ಒಂದು ತೈಲಚಿತ್ರ ಬರುತ್ತದೆ. ಅದಕ್ಕೆ ಎರಡು ಹೆಸರು ಅಂತ ಎಲ್ಲರೂ ನಂಬಿರುತ್ತಾರೆ. ಒಂದು 'ಇನ್ನಿಲ್ಲ', ಇನ್ನೊಂದು 'ಗ್ಯಾಲಿಫ್ರೇಯ ಪತನ'. ಆಗ ಬರುತ್ತಾರೆ ವೃದ್ಧ ಟಾಮ್ ಬೇಕರ್, ನಾಲ್ಕನೆಯ ಡಾಕ್ಟರ್ ಆಗಿದ್ದವರು. 1983ರ ಹಬ್ಬಕ್ಕೆ ಕರೆದರೆ ಬಂದಿರಲಿಲ್ಲ, ಮೂವತ್ತು ವರ್ಷದ ನಂತರ ಬಂದರು. ಎರಡು ಹೆಸರಲ್ಲ, ಜೋಡಿಸಿ ಓದಿದರೆ ಒಂದೇ, ಎನ್ನುತ್ತಾರೆ. ಗ್ಯಾಲಿಫ್ರೇಗೆ ಇನ್ನು ಪತನವಿಲ್ಲ! ತಪ್ಪು ಜಾಗದಲ್ಲಿ ಒಡೆದು ಓದಿದ್ದರಿಂದ ಸಾವಿನ ಸುದ್ದಿಯಾಗಿತ್ತು ಅಷ್ಟೆ. ಸಂಧಿ ಬಿಡಿಸಿ ಬರೆಯಿರಿ ಅಂತ ಮಕ್ಕಳಿಗೆ ಹೇಳುವ ನಮಗೆ ಕೂಡಿಸಿ ಓದುವ ಪಾಠ.

ಮುಂದಿನ ಸಲ ನಮ್ಮ ಶಾಲೆಗಳಲ್ಲಿ ಯಾವುದಾದರೂ ಉತ್ಸವ ನಡೆದರೆ ಶಾಲು, ಹಾರ ಎಲ್ಲ ಇರಲಿ. ಬೇಡವೆನ್ನುವುದಿಲ್ಲ. ಆದರೆ ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ, ಸಂದೇಶಗಳಿಗಿಂತ ಮುಂಚೆ, ಈ ವರ್ಷ ಒಂದನೇ ತರಗತಿಯಲ್ಲಿರುವ ಮಕ್ಕಳ ಹೆಸರು ಅಚ್ಚಾಗಲಿ. ಹತ್ತಿದ್ದರೆ ಹತ್ತು, ನಾಲ್ಕಿದ್ದರೆ ನಾಲ್ಕು. ಎಣಿಸಿದರೆ ತಾನೇ ಉಳಿಸುವ ಯೋಚನೆ ಬರುವುದು?

ನೀವೇನಂತೀರಿ?