ಕಾಗದ ಪಾಸು, ಬ್ರೇಕ್ ನಪಾಸು

ಕಳೆದ ತಿಂಗಳು ನಮ್ಮ ಬಳಗದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ ಹಿರಿಯ ಮಿತ್ರರೊಬ್ಬರು ನನ್ನ ಕೈ ನೋಡಿ ನಕ್ಕರು. ಉಗುರುಗಳ ಸಂದಿಯಲ್ಲಿ ಕಪ್ಪು ಗ್ರೀಸ್ ಉಳಿದಿತ್ತು. ಅಂದು ಬೆಳಿಗ್ಗೆ ನನ್ನ ಹಳೆಯ ಸ್ಪ್ಲೆಂಡರಿನ ಹಿಂದಿನ ಚಕ್ರ ಬಿಚ್ಚಿ ಬ್ರೇಕ್ ಶೂ ಬದಲಿಸಿದ್ದೆ. “ಏನ್ರೀ, ಇಂಗ್ಲಿಷ್ ಎಂ.ಎ. ಮಾಡಿದವರು, ಸೆಂಟ್ರಲ್ ಗವರ್ನಮೆಂಟ್ ನೌಕರಿ, ಇನ್ನೂ ಆ ಮುದಿ ಗಾಡಿಗೆ ಪಾನಾ ಹಿಡಕೊಂಡು ಕೂತೀರಲ್ಲ! ಗುಜರಿಗೆ ಹಾಕ್ರಿ. ಸರಕಾರ ಹದಿನೈದು ವರ್ಷ ಅಂತ ಸುಮ್ಮನ ಹೇಳೇತೇನು?” ಎಂದರು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ.

ಅವರ ಆ ಮಾತಿನಲ್ಲಿ ಮೂರು ನಂಬಿಕೆಗಳಿವೆ. ವಾಹನದ ಯೋಗ್ಯತೆಯನ್ನು ಅದರ ವಯಸ್ಸು ಹೇಳುತ್ತದೆ ಎಂಬುದು ಒಂದು. ಆ ಯೋಗ್ಯತೆಯನ್ನು ಸರ್ಕಾರ ಪರೀಕ್ಷಿಸುತ್ತಿದೆ, ನಾವು ನಿಶ್ಚಿಂತರಾಗಿರಬಹುದು ಎಂಬುದು ಎರಡನೆಯದು. ಓದಿದವನು ಕೈಗೆ ಎಣ್ಣೆ ಹಚ್ಚಿಕೊಳ್ಳುವುದು ಜಿಪುಣತನ ಅಥವಾ ಹುಚ್ಚು ಎಂಬುದು ಮೂರನೆಯದು. ಮೂರೂ ತಪ್ಪು ಎಂಬುದು ನನ್ನ ವಾದ. ಈ ತಪ್ಪಿಗೆ ನನ್ನ ಮನೆಯಲ್ಲೇ ಬೆಲೆ ತೆತ್ತಿದ್ದೇವೆ.

2006ರ ದಸರೆಯ ಹೊತ್ತಿಗೆ ಧಾರವಾಡದಲ್ಲಿ ಕೊಂಡ ಗಾಡಿ ಅದು. ವರ್ಗಾವಣೆಯೊಡನೆ ನನ್ನ ಬೆನ್ನು ಹತ್ತಿ ಮಹಾರಾಷ್ಟ್ರಕ್ಕೆ ಬಂತು. ನಿರಾಕ್ಷೇಪಣಾ ಪತ್ರ, ಹೊಸ ರಾಜ್ಯದ ತೆರಿಗೆ, ಹಳೆಯ ರಾಜ್ಯದಿಂದ ತೆರಿಗೆ ಮರಳಿ ಪಡೆಯುವ ಪತ್ರವ್ಯವಹಾರ, ಹೊಸ ನಂಬರು ಎಲ್ಲವೂ ಆದವು. ಹೊರನಾಡಿನಲ್ಲಿರುವ ನಮ್ಮಲ್ಲಿ ಈ ಯಾತ್ರೆ ಮಾಡದವರು ಕಡಿಮೆ. 2021ರ ಅಕ್ಟೋಬರಿನಲ್ಲಿ ಗಾಡಿಗೆ ಹದಿನೈದು ತುಂಬಿತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಸೀಮಿತ. ಅನಂತರ ಪರೀಕ್ಷೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನಮೂನೆ 25 ತುಂಬಿದೆ, ಶುಲ್ಕ ಕಟ್ಟಿದೆ, ಗಾಡಿ ಒಯ್ದೆ. ಊರಿನ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಇದು ಒಂದು ಕಚೇರಿಯ ಮೇಲಿನ ದೂರಾಗಿ ಮುಗಿದುಹೋಗುತ್ತದೆ.

ಅಂದು ನಡೆದ ಪರೀಕ್ಷೆಯನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ಹ್ಯಾಂಡಲ್ ಕೆಳಗಿನ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಅಚ್ಚು ಮೂಡಿತು. ಎಂಜಿನ್ ನಂಬರು ನೋಡಿದರು. ವಿಮೆ, ಹೊಗೆ ಪತ್ರಗಳನ್ನು ನೋಡಿದರು. ಗಾಡಿಯ ಫೋಟೋ ತೆಗೆದರು. ಮುಗಿಯಿತು. ಯಾರೂ ಬ್ರೇಕ್ ಒತ್ತಲಿಲ್ಲ, ಟೈರಿನ ಕಡೆ ಬಗ್ಗಲಿಲ್ಲ, ದೀಪ ಹೊತ್ತಿಸಿ ನೋಡಲಿಲ್ಲ. ಈ ಗಾಡಿ ಕದ್ದದ್ದಲ್ಲ ಎಂಬುದು ಮಾತ್ರ ಅಂದು ಸಿದ್ಧವಾಯಿತು. ಮುಂದಿನ ಐದು ವರ್ಷ ರಸ್ತೆಯ ಮೇಲೆ ಓಡಲು ಇದು ಯೋಗ್ಯ ಎಂಬ ಮುದ್ರೆ ಬಿತ್ತು.

ಅದಾಗಿ ಹತ್ತನೆಯ ದಿನ ಹಿಂಗಾರಿನ ಮಳೆ. ಹೆಂಡತಿ ಹಿಂದೆ ಕುಳಿತಿದ್ದಳು. ಸಿಗ್ನಲ್ ಹತ್ತಿರ ಮುಂದಿನ ರಿಕ್ಷಾ ತಟ್ಟನೆ ನಿಂತಿತು. ಬ್ರೇಕ್ ಪೆಡಲ್ ತುಳಿದರೆ ಅದು ಕೊನೆಯವರೆಗೂ ಇಳಿಯಿತು, ಗಾಡಿ ನಿಲ್ಲಲಿಲ್ಲ. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ, ಗಾಡಿ ಜಾರಿ ಅಡ್ಡ ಬಿತ್ತು. ನನಗೆ ಮೊಣಕಾಲು ತರಚಿತು. ಅವಳ ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಇಂದಿಗೂ ಚಪಾತಿ ಹಿಟ್ಟು ನಾದುವಾಗ ಅವಳು ನಡುವೆ ಕೈ ಕೊಡವಿಕೊಳ್ಳುತ್ತಾಳೆ. ಆ ಕ್ಷಣ ನಾನು ಅಡುಗೆಮನೆಯಲ್ಲಿದ್ದರೆ ಬೇರೆ ಕಡೆ ನೋಡುತ್ತೇನೆ.

ಕಚೇರಿಯನ್ನು ಬೈಯುವ ಮೊದಲು ನನ್ನನ್ನು ನಾನು ಬೈದುಕೊಳ್ಳಬೇಕು. ಡ್ರಮ್ ಬ್ರೇಕಿನ ತಟ್ಟೆಯ ಮೇಲೆ, ಬ್ರೇಕಿನ ತೋಳು ಕೂರುವಲ್ಲಿ, ಒಂದು ಪುಟ್ಟ ಬಾಣವಿದೆ. ಅದರ ಎದುರು ಒಂದು ಗುರುತು. ಬ್ರೇಕ್ ಪೂರ್ತಿ ಒತ್ತಿದಾಗ ಬಾಣ ಆ ಗುರುತಿಗೆ ಬಂದು ನಿಂತರೆ ಶೂ ಸವೆದಿದೆ, ಬದಲಿಸಬೇಕು ಎಂದರ್ಥ. ಕಾರ್ಖಾನೆಯವರೇ ಇಟ್ಟ ಗುರುತು ಅದು. ನೋಡಲು ಉಪಕರಣ ಬೇಡ, ಬಗ್ಗಿದರೆ ಸಾಕು. ಹದಿನೈದು ವರ್ಷ ನಾನು ಬಗ್ಗಿರಲಿಲ್ಲ. ಪ್ರತಿ ಆಯುಧಪೂಜೆಯಂದು ಗಾಡಿ ತೊಳೆದು, ಹೆಡ್‌ಲೈಟಿಗೆ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು ಹಾಯಿಸಿದ್ದೆ. ನಿಂಬೆಹಣ್ಣಿಡಲು ಬಗ್ಗಿದವನಿಗೆ ಅಲ್ಲೇ ಒಂದು ಗೇಣು ಮೇಲಿದ್ದ ಬಾಣ ಕಂಡಿರಲಿಲ್ಲ.

ಕಾನೂನಿನಲ್ಲೇ ಕೊರತೆಯಿದೆಯೇ? ಭಾಗಶಃ ಮಾತ್ರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ದ್ವಿಚಕ್ರ ವಾಹನದ ಟೈರಿನ ಗೀರು ಕನಿಷ್ಠ 0.8 ಮಿಲಿಮೀಟರ್ ಆಳವಿರಬೇಕು ಎನ್ನುತ್ತವೆ. ಬ್ರೇಕ್, ದೀಪ, ಹಾರ್ನ್ ಎಲ್ಲಕ್ಕೂ ನಿಯಮಗಳಿವೆ. ಆದರೆ ನೋಡುವ ಕಣ್ಣಿಗೆ ಸಮಯವಿಲ್ಲ. ಇನ್ನೊಂದು ದೊಡ್ಡ ಬಿರುಕು ಇದೆ. ಬಾಡಿಗೆ ವಾಹನಗಳಿಗೆ ಆಗಾಗ ಯೋಗ್ಯತಾ ಪತ್ರ ನವೀಕರಿಸಬೇಕು. ಖಾಸಗಿ ಬೈಕ್ ಒಂದೇ ರಾಜ್ಯದಲ್ಲಿದ್ದರೆ, ಶೋರೂಮಿನಿಂದ ಹೊರಬಿದ್ದ ದಿನದಿಂದ ಹದಿನೈದು ವರ್ಷದವರೆಗೆ ಅದರ ಬ್ರೇಕನ್ನು ಪರೀಕ್ಷಿಸಲು ಯಾರೂ ಕರೆಯುವುದಿಲ್ಲ. ಆ ಅವಧಿಯಲ್ಲಿ ಕಡ್ಡಾಯವಾಗಿರುವ ಒಂದೇ ಪರೀಕ್ಷೆ ಹೊಗೆಯದು.

ಹೊಗೆ ಪರೀಕ್ಷೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. 2000ದ ನಂತರ ತಯಾರಾದ ನನ್ನಂಥ ನಾಲ್ಕು ಸ್ಟ್ರೋಕಿನ ಹಳೆಯ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3.5ನ್ನು, ಹೈಡ್ರೋಕಾರ್ಬನ್ 4500 ಪಿಪಿಎಂ ಅನ್ನು ಮೀರಬಾರದು. ಇದು ಅರ್ಥವಿರುವ ಅಳತೆ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹೆಚ್ಚಾದರೆ ಅಂಕಿ ತಾನಾಗಿ ಏರುತ್ತದೆ. 2019ರ ತಿದ್ದುಪಡಿಯ ನಂತರ ಈ ಪತ್ರವಿಲ್ಲದವರಿಗೆ ದಂಡ ಹತ್ತು ಸಾವಿರ ರೂಪಾಯಿಯವರೆಗೂ ಹೋಗಬಹುದು. ಆದರೆ ನಾವೇನು ಮಾಡಿದೆವು? ಕೊಳವೆ ಸರಿಯಾಗಿ ಒಳಗೆ ಹೋಯಿತೋ ಇಲ್ಲವೋ ನೋಡದೆ ದುಡ್ಡು ಕೊಟ್ಟು ಚೀಟಿ ಇಸಿದುಕೊಂಡು ಹೊರಟೆವು. ಅಂಕಿ ಓದಿದವರೆಷ್ಟು ಜನ? ಬೇಕಾದದ್ದು ಪೊಲೀಸನಿಗೆ ತೋರಿಸಲು ಒಂದು ಕಾಗದ. ಅಂಥ ಕಾಗದ ಕೇಳುವ ಜನರಿರುವಲ್ಲಿ ಅಂಥ ಕಾಗದ ಕೊಡುವವರೂ ಹುಟ್ಟುತ್ತಾರೆ.

ಇನ್ನು ವಯಸ್ಸಿನ ಮಾತು. ರಾಜಧಾನಿ ಪ್ರದೇಶದಲ್ಲಿ ಹದಿನೈದು ವರ್ಷ ಮೀರಿದ ವಾಹನಗಳ ವಿರುದ್ಧ ಹಸಿರು ನ್ಯಾಯಮಂಡಳಿ 2014ರಲ್ಲಿ ಆದೇಶ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಗೆರೆಯನ್ನು ಗಟ್ಟಿಗೊಳಿಸಿತು. 2025ರ ಜುಲೈ 1ರಿಂದ ದೆಹಲಿಯ ಬಂಕ್‌ಗಳಲ್ಲಿ ಕ್ಯಾಮೆರಾ ಇಟ್ಟು ಇಂಥ ವಾಹನಗಳಿಗೆ ಇಂಧನವನ್ನೇ ನಿಲ್ಲಿಸಲು ಹೊರಟರು. ಜನರ ಆಕ್ರೋಶಕ್ಕೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಬೇಕಾಯಿತು. ದೆಹಲಿಯ ನಮ್ಮ ಗೆಳೆಯರು ಚಳಿಗಾಲದಲ್ಲಿ ಉಸಿರಾಡುವ ಗಾಳಿ ಎಂಥದ್ದೆಂದು ನನಗೆ ಗೊತ್ತು. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಗಿಂತ ನನ್ನ ಗಾಡಿ ಹೆಚ್ಚು ಹೊಗೆ ಉಗುಳುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಗಾಳಿಯ ಕಾರಣಕ್ಕೆ ನನ್ನ ಗಾಡಿಯನ್ನು ಒಂದು ನಗರ ಬೇಡವೆಂದರೆ ಆ ವಾದಕ್ಕೆ ನಾನು ತಲೆಬಾಗಬಹುದು. ಆದರೆ ಹೊಗೆಯ ಆ ವಾದವನ್ನು ಎತ್ತಿ ತಂದು ಸುರಕ್ಷತೆಯ ಜಾಗದಲ್ಲಿ ಕೂರಿಸುವುದನ್ನು ಒಪ್ಪಲಾರೆ. ಅವೆರಡು ಬೇರೆ ಪ್ರಶ್ನೆಗಳು.

ನಮ್ಮ ಮನೆ ಬಾಗಿಲಿಗೆ ಊಟ ತಂದುಕೊಡುವ ಹುಡುಗನ ಬೈಕ್ ನೋಡಿ. ಮೂರು ವರ್ಷದ ಗಾಡಿ. ಬೆಳಗಿನಿಂದ ನಡುರಾತ್ರಿಯವರೆಗೆ ಓಡುತ್ತದೆ. ನನ್ನ ಗಾಡಿ ವಾರದಲ್ಲಿ ಓಡುವಷ್ಟನ್ನು ಅದು ಒಂದು ದಿನದಲ್ಲಿ ಓಡುತ್ತದೆ. ಟೈರು ಬೋಳಾಗಿದೆ, ಚೈನು ಜೋತುಬಿದ್ದು ಟಕಟಕ ಎನ್ನುತ್ತದೆ. ಕಾಗದದ ಪ್ರಕಾರ ಅದು ಇನ್ನೂ ಹನ್ನೆರಡು ವರ್ಷ ಪ್ರಶ್ನಾತೀತ. ಮುದಿಯೆಂದು ಹೆಸರು ಪಡೆದ ನನ್ನ ಗಾಡಿಗೆ ಮಾತ್ರ ಪರೀಕ್ಷೆ, ಅದೂ ಪೆನ್ಸಿಲಿನ ಪರೀಕ್ಷೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅವರೆಲ್ಲ ಬ್ರೇಕ್ ಸವೆದು ಸತ್ತವರಲ್ಲ; ವೇಗ, ಹೆಲ್ಮೆಟ್ ಇಲ್ಲದಿರುವುದು, ರಸ್ತೆಯ ಗುಂಡಿ ಎಲ್ಲ ಉಂಟು. ಆದರೆ ಅತಿ ಹೆಚ್ಚು ಜನ ಸಾಯುವ ವಾಹನವನ್ನೇ ಅತಿ ಕಡಿಮೆ ಪರೀಕ್ಷಿಸುವ ವ್ಯವಸ್ಥೆಗೆ ಸಮರ್ಥನೆ ಏನು?

ಇಂಗ್ಲೆಂಡಿನಲ್ಲಿ ಬೈಕಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ಪರೀಕ್ಷೆ. ಬ್ರೇಕ್, ಟೈರು, ಹ್ಯಾಂಡಲಿನ ಬೇರಿಂಗ್, ಚೈನು, ದೀಪ ಎಲ್ಲ ನೋಡುತ್ತಾರೆ. ನಪಾಸಾದರೆ ಕಾರಣ ಬರೆದುಕೊಡುತ್ತಾರೆ; ಸರಿಪಡಿಸಿ ಮತ್ತೆ ತರಬಹುದು. ಇಷ್ಟೇ ವರ್ಷ ಎಂಬ ಮರಣದಂಡನೆಯಿಲ್ಲ. ಅಲ್ಲಿನದೆಲ್ಲ ಶ್ರೇಷ್ಠ ಎನ್ನುವ ಇಂಗ್ಲಿಷ್ ಎಂ.ಎ. ರೋಗ ನನಗಿಲ್ಲ. ಆದರೆ ಅಲ್ಲಿ ಪ್ರಶ್ನೆ ಕೇಳುವುದು ಯಂತ್ರಕ್ಕೆ, ನಮ್ಮಲ್ಲಿ ಪಂಚಾಂಗಕ್ಕೆ. ನಮ್ಮಲ್ಲಿ ವಯಸ್ಸಿಗೆ ಶುಲ್ಕ ಏರುತ್ತದೆ: ಬೈಕ್ ನೋಂದಣಿ ನವೀಕರಣ 2022ರ ಏಪ್ರಿಲಿನಲ್ಲಿ 300ರಿಂದ 1000 ರೂಪಾಯಿಗೆ, ಇಪ್ಪತ್ತು ವರ್ಷ ಮೀರಿದವಕ್ಕೆ 2025ರಲ್ಲಿ 2000ಕ್ಕೆ ಏರಿತು. ಆ ಹಣಕ್ಕೆ ತಕ್ಕಂತೆ ಬ್ರೇಕ್ ನೋಡಿದರೆ ಸಂತೋಷದಿಂದ ಕೊಡುತ್ತೇನೆ.

ಮೂರನೆಯ ಆರೋಪ, ಗ್ರೀಸಿನದು. ಅಪಘಾತದ ನಂತರ ನಾನು ಓಣಿಯ ಮಿಸ್ತ್ರಿಯೊಬ್ಬನ ಬಳಿ ಭಾನುವಾರಗಳಂದು ಕುಳಿತು ಕಲಿತೆ. ಚೈನಿನ ಸಡಿಲು ಎರಡು ಮೂರು ಸೆಂಟಿಮೀಟರ್ ಇರಲಿ, ಹೆಚ್ಚು ಬಿಗಿದರೂ ಕೆಡುತ್ತದೆ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಶೂ ಮೇಲೆ ಗ್ರೀಸ್ ತಾಗಿದರೆ ಅದು ಬ್ರೇಕ್ ಅಲ್ಲ. ಇಂಥ ಮಾತುಗಳನ್ನು ಅವನು ಹೇಳಿದ. ಎಂಜಿನ್ ಬಿಚ್ಚಲು ನನಗೆ ಬರುವುದಿಲ್ಲ, ಬಿಚ್ಚುವುದೂ ಇಲ್ಲ. ಮನೆಯ ರಿಪೇರಿಗೆ ಮಿತಿಯಿದೆ. ಮಿತಿ ಎಲ್ಲಿದೆ ಎಂದು ತಿಳಿಯುವುದೂ ಕಲಿಕೆಯೇ. ಆದರೆ ಕಲಿತ ಮೇಲೆ, ಗಾಡಿಯನ್ನು ಮಿಸ್ತ್ರಿಗೆ ಒಪ್ಪಿಸಿದಾಗ ಏನು ಕೇಳಬೇಕೆಂದು ಗೊತ್ತಾಯಿತು.

ನಮ್ಮ ಬಳಗದ ವೇದಿಕೆಯ ಮೇಲೆ ಕಾಯಕದ ಮಹಿಮೆಯನ್ನು ಎಷ್ಟು ಸಲ ಕೇಳಿಲ್ಲ? ಚಮ್ಮಾರ, ಅಂಬಿಗ, ನೇಕಾರರೆಲ್ಲ ವಚನಕಾರರಾಗಿದ್ದರು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಅದೇ ಸಭಾಂಗಣದ ಹೊರಗೆ ಒಬ್ಬನ ಉಗುರಿನಲ್ಲಿ ಗ್ರೀಸ್ ಕಂಡರೆ ನಗು ಬರುತ್ತದೆ. ಹನ್ನೆರಡನೆಯ ಶತಮಾನದ ಕೈಕೆಲಸ ಪೂಜ್ಯ, ಇಂದಿನದು ಹಾಸ್ಯ. ಹಿರಿಯ ಮಿತ್ರರು ಕ್ಷಮಿಸಲಿ, ನನಗೆ ನೋವಾದದ್ದು ಅಲ್ಲಿ.

ನಾನು ಕೇಳುವುದು ದೊಡ್ಡದೇನಲ್ಲ. ಬೈಕಿಗೆ ಹದಿನೈದನೆಯ ವರ್ಷಕ್ಕಲ್ಲ, ಮೂರನೆಯ ವರ್ಷದಿಂದಲೇ ನಿಯತ ಪರೀಕ್ಷೆ ಇರಲಿ. ಆ ಪರೀಕ್ಷೆ ಬ್ರೇಕ್, ಟೈರು, ದೀಪಗಳದ್ದಾಗಿರಲಿ. ನಪಾಸಾದರೆ ಕಾರಣ ಬರೆದುಕೊಡಲಿ, ಸರಿಪಡಿಸಲು ಅವಕಾಶವಿರಲಿ. ಬಡ ಸವಾರನಿಗೆ ಭಾರವಾಗದ ಶುಲ್ಕವಿರಲಿ, ಇಲ್ಲವಾದರೆ ಊಟ ತರುವ ಆ ಹುಡುಗ ಮತ್ತೆ ಏಜೆಂಟನ ಬಳಿಗೇ ಹೋಗುತ್ತಾನೆ. ಯಂತ್ರಗಳಿಂದಲೇ ಪರೀಕ್ಷಿಸುವ ಕೇಂದ್ರಗಳಿಗೆ 2021ರಲ್ಲೇ ನಿಯಮಗಳಾಗಿವೆ. ಅವು ಬೈಕ್ ಸವಾರನ ಊರಿಗೂ ತಲುಪಲಿ.

ಈ ವರ್ಷ ನನ್ನ ಗಾಡಿಗೆ ಇಪ್ಪತ್ತು ತುಂಬುತ್ತದೆ. ಅಕ್ಟೋಬರಿನಲ್ಲಿ ಮತ್ತೆ ಅದೇ ಕಚೇರಿಗೆ ಒಯ್ಯಬೇಕು. ಚಾಸಿ ನಂಬರಿನ ಅಚ್ಚು ತೆಗೆದಾದ ಮೇಲೆ ಅಧಿಕಾರಿಯನ್ನು ಒಂದು ನಿಮಿಷ ನಿಲ್ಲಿಸಿ, “ಸಾಹೇಬರೇ, ದಯವಿಟ್ಟು ಬ್ರೇಕ್ ತುಳಿಯಿರಿ, ಈ ಬಾಣ ಎಲ್ಲಿ ನಿಲ್ಲುತ್ತದೆ ನೋಡಿ” ಎಂದು ಕೇಳುವವನಿದ್ದೇನೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಬಹುದು. ಗೊಣಗಲಿ. ಅದಕ್ಕೆ ಮೊದಲು ಈ ಭಾನುವಾರ ಹಿರಿಯ ಮಿತ್ರರ ಮನೆಗೆ ಹೋಗುವುದಿದೆ. ಅವರ ಹೊಸ ಸ್ಕೂಟರಿಗೆ ನಾಲ್ಕು ವರ್ಷವಾಯಿತಂತೆ, ಹಿಂದಿನ ಟೈರು ನಾನು ನೋಡಿದ್ದೇನೆ.